ಸ್ಟಾರ್ಟಪ್ ಕ್ಲೀನ್ ಮಾಡಿದ ಮೇಲೆ ಜಪಾನೀಸ್ ಟೈಪ್ ಆಗುತ್ತಿಲ್ಲ, ಯಾಕೆ?

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದಲ್ಲಿದ್ದೇನೆ. ಬಿಡದಿ ಕಡೆಯ ಒಂದು ಬಿಡಿಭಾಗಗಳ ಕಂಪನಿಯಲ್ಲಿ ಕೆಲಸ. ಜಪಾನೀಸ್ ಭಾಷಾ ಪರೀಕ್ಷೆ ಜೆಎಲ್‌ಪಿಟಿಯ ಎನ್4 ಹಂತ ಪಾಸಾಗಿದ್ದೇನೆ, ಜಪಾನಿನ ಕಡೆಯವರಿಗೆ ಸಣ್ಣಪುಟ್ಟ ಮೇಲ್ ಬರೆಯುತ್ತೇನೆ. ನನ್ನ ಲ್ಯಾಪ್‌ಟಾಪ್ ಆನ್ ಆಗೋಕೆ ತುಂಬಾ ಹೊತ್ತು ಹಿಡಿಯುತ್ತಿತ್ತು. ಪರಿಚಯದ ಹುಡುಗನೊಬ್ಬ ಸ್ಟಾರ್ಟಪ್‌ನಲ್ಲಿದ್ದ ಬೇಡದ್ದನ್ನೆಲ್ಲ ಆಫ್ ಮಾಡಿಕೊಟ್ಟ. ಅವತ್ತಿನಿಂದ ಜಪಾನೀಸ್ ಬರುತ್ತಿಲ್ಲ. ಕೆಳಗೆ ಮೂಲೆಯಲ್ಲಿ ಜಪಾನೀಸ್ ಅಂತ ತೋರಿಸುತ್ತದೆ, ಆದರೆ ಮೂಡುವುದು ಬರೀ ಇಂಗ್ಲಿಷ್ ಅಕ್ಷರ. ಸ್ಟಾರ್ಟ್ ಮೆನುವಿನ ಸರ್ಚ್‌ನಲ್ಲಂತೂ ಏನೂ ಟೈಪ್ ಆಗುವುದಿಲ್ಲ. ಸರಿ ಮಾಡಲು ಹೋಗಿ ಕೀಬೋರ್ಡ್ ಸೆಟ್ಟಿಂಗ್ ಏನೋ ಬದಲಿಸಿದೆ. ಈಗ ಪಾಸ್‌ವರ್ಡ್ ಕೂಡ ಒಮ್ಮೊಮ್ಮೆ ತಪ್ಪು ಅನ್ನುತ್ತದೆ. ಇದಲ್ಲದೆ, ನಾನು ಕಳಿಸುವ ಪಾರ್ಟ್ ನಂಬರ್‌ಗಳು ಅವರ ಕಡೆ ಹುಡುಕಿದರೆ ಸಿಗುವುದಿಲ್ಲವಂತೆ. ಬಯಾಸ್‌ನಲ್ಲಿ ಏನಾದರೂ ಬದಲಿಸಬೇಕಾ? ಫಾರ್ಮ್ಯಾಟ್ ಮಾಡಿಸಬೇಕಾ?

ಉತ್ತರ: ಫಾರ್ಮ್ಯಾಟ್ ಬೇಡ. ಬಯಾಸ್ ಕಡೆಗಂತೂ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮೂಲ ಸೆಟ್ಟಿಂಗ್ ಕಡೆಗಂತೂ, ತಲೆಯೇ ಹಾಕಬೇಡಿ. ಜಪಾನೀಸ್ ಟೈಪಿಂಗಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಸೆಕ್ಯೂರ್ ಬೂಟ್ ಅಂಥದ್ದೇನಾದರೂ ಮುಟ್ಟಿದರೆ, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇರುವ ಲ್ಯಾಪ್‌ಟಾಪ್ 48 ಅಂಕಿಗಳ ರಿಕವರಿ ಕೀ ಕೇಳಿಕೊಂಡು ನಿಂತುಬಿಡಬಹುದು. ಇರುವ ತೊಂದರೆ ಸಾಲದು ಅಂತ ಇನ್ನೊಂದು ಯಾಕೆ?

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಟೈಪ್ ಆಗದಿರುವುದು ಸ್ಟಾರ್ಟಪ್ ಕ್ಲೀನ್ ಮಾಡಿದ್ದರಿಂದ. ಪಾಸ್‌ವರ್ಡ್ ತೊಂದರೆ ಕೀಬೋರ್ಡ್ ಲೇಔಟ್‌ನಿಂದ. ಪಾರ್ಟ್ ನಂಬರ್ ತೊಂದರೆ ಮೊದಲಿನಿಂದಲೂ ಇದ್ದದ್ದು, ನಿಮಗೆ ಈಗ ಗೊತ್ತಾಗಿದೆ ಅಷ್ಟೇ. ಮೊದಲನೆಯದೇ ದೊಡ್ಡದು, ಅದರಿಂದ ಶುರು ಮಾಡೋಣ.

ಸ್ಟಾರ್ಟಪ್ ಆಫ್ ಮಾಡಿದರೆ ಒಂದು ಭಾಷೆ ಯಾಕೆ ಹೋಗಬೇಕು ಅಂತ ನಿಮಗೆ ಅನ್ನಿಸಿರಬಹುದು. ವಿಂಡೋಸ್‌ನಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಹಾಕಿಕೊಂಡರೆ ಒಂದು ಕೀಗೆ ಒಂದು ಅಕ್ಷರ. ಕೀ ಒತ್ತಿದಿರಿ, ಅಕ್ಷರ ಬಂತು, ಮುಗಿಯಿತು. ಅಲ್ಲಿರುವುದು ಯಾವ ಕೀಗೆ ಯಾವ ಅಕ್ಷರ ಅನ್ನುವ ಪಟ್ಟಿ ಮಾತ್ರ. ಜಪಾನೀಸ್‌ನಲ್ಲಿ ಹಾಗೆ ಆಗುವುದಿಲ್ಲ. ದಿನಬಳಕೆಯ ಕಾಂಜಿ (ಚೀನೀ ಮೂಲದ ಚಿತ್ರಾಕ್ಷರಗಳು) ಅಂತ ಅಲ್ಲಿನ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲೇ 2136 ಅಕ್ಷರಗಳಿವೆ. ಅಷ್ಟನ್ನೂ ಯಾವ ಕೀಬೋರ್ಡ್‌ನಲ್ಲಿ ಕೂರಿಸುತ್ತೀರಿ? ಅದಕ್ಕೇ ನೀವು ಉಚ್ಚಾರಣೆ ಟೈಪ್ ಮಾಡುತ್ತೀರಿ. ಹಿಂದೆ ಒಂದು ಪ್ರೋಗ್ರಾಂ ನಿಘಂಟು ಹುಡುಕಿ ‘ಇದಾ, ಇದಾ?’ ಅಂತ ಕೇಳುತ್ತದೆ. ಹಾಶಿ ಅಂತ ಟೈಪ್ ಮಾಡಿ ಸ್ಪೇಸ್ ಒತ್ತಿ ನೋಡಿ. ಸೇತುವೆಯ ಹಾಶಿ, ತಿನ್ನುವ ಕಡ್ಡಿಯ ಹಾಶಿ, ಅಂಚು ಅನ್ನುವ ಹಾಶಿ, ಎಲ್ಲ ಸಾಲಾಗಿ ಬರುತ್ತವೆ. ಈ ಪ್ರೋಗ್ರಾಂ ಎಷ್ಟು ಜಾಣ ಅಂತ ನೋಡಲು ಜಪಾನಿನವರು ಬಳಸುವ ಹಳೆಯ ವಾಕ್ಯವೊಂದಿದೆ: ‘ಕಿಶಾ ನೊ ಕಿಶಾ ಗಾ ಕಿಶಾ ದೆ ಕಿಶಾ ಶಿತಾ’. ನಿಮ್ಮ ಸಂಸ್ಥೆಯ ವರದಿಗಾರ ರೈಲಿನಲ್ಲಿ ಸಂಸ್ಥೆಗೆ ವಾಪಸಾದ ಅಂತ ಅರ್ಥ. ನಾಲ್ಕೂ ಕಿಶಾಗಳಿಗೆ ಬೇರೆ ಬೇರೆ ಕಾಂಜಿ. 1978ರಲ್ಲಿ ತೋಶಿಬಾ ಮೊದಲ ಬಾರಿ ಇಂಥ ಯಂತ್ರವನ್ನು, ಜೆಡಬ್ಲ್ಯು-10 ಅನ್ನುವುದನ್ನು ತೋರಿಸಿದಾಗ ಅದು ಒಂದು ಮೇಜಿನಷ್ಟು ದೊಡ್ಡದಿತ್ತು, ಬೆಲೆ 63 ಲಕ್ಷ ಯೆನ್. ಈಗ ಅದೇ ಕೆಲಸವನ್ನು ನಿಮ್ಮ ಲ್ಯಾಪ್‌ಟಾಪ್ ಸದ್ದಿಲ್ಲದೆ ಮಾಡುತ್ತದೆ.

ಸದ್ದಿಲ್ಲದೆ ಮಾಡುವುದೇ ಇಲ್ಲಿ ಎಡವಟ್ಟಾಯಿತು. ಈ ಪ್ರೋಗ್ರಾಂ ಕೆಲಸ ಮಾಡಬೇಕಾದರೆ ಲಾಗಿನ್ ಆದ ಕೂಡಲೇ ವಿಂಡೋಸ್ ಒಂದು ಸಣ್ಣ ಫೈಲನ್ನು ಓಡಿಸಬೇಕು. ಅದರ ಹೆಸರು ಸಿಟಿಎಫ್‌ಮಾನ್. ಬೇಡದ್ದನ್ನು ಆಫ್ ಮಾಡುವವರ ಕಣ್ಣಿಗೆ ಈ ಹೆಸರು ವೈರಸ್ ಥರ ಕಾಣುತ್ತದೆ. ‘ಇದೇನೋ ಗೊತ್ತಿಲ್ಲ, ಆಫ್ ಮಾಡು’ ಅಂದುಬಿಡುತ್ತಾರೆ. ಮನೆ ಗುಡಿಸುವಾಗ ಬೀರುವಿನ ಬೀಗದ ಕೈಯನ್ನೂ ಕಸದ ಜೊತೆ ಎಸೆದ ಹಾಗೆ. ಬರೀ ಇಂಗ್ಲಿಷ್ ಟೈಪ್ ಮಾಡುವವರಿಗೆ ಎಷ್ಟೋ ಕಡೆ ಇದರ ಕೊರತೆ ಗೊತ್ತೇ ಆಗುವುದಿಲ್ಲ. ನಿಮ್ಮಂಥವರಿಗೆ ಮಾತ್ರ ಮರುದಿನವೇ ಗೊತ್ತಾಗುತ್ತದೆ. ಸ್ಟಾರ್ಟ್ ಮೆನುವಿನ ಸರ್ಚ್‌ನಲ್ಲಿ ಏನೂ ಮೂಡುತ್ತಿಲ್ಲ ಅಂತ ಬರೆದಿದ್ದೀರಲ್ಲ, ನನ್ನ ಅನುಮಾನ ಗಟ್ಟಿಯಾಗಿದ್ದೇ ಅಲ್ಲಿ. ಸಿಟಿಎಫ್‌ಮಾನ್ ಓಡದಿದ್ದರೆ ಆ ಪೆಟ್ಟಿಗೆಯೂ ಮೂಕವಾಗುತ್ತದೆ.

ಈಗ ಪರೀಕ್ಷೆ ಮಾಡಿ. ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ರನ್ ಅನ್ನುವ ಸಣ್ಣ ಪೆಟ್ಟಿಗೆ ತೆರೆಯುತ್ತದೆ. ಅದು ಹಳೇ ಕಾಲದ ಪೆಟ್ಟಿಗೆ, ಅದರಲ್ಲಿ ಟೈಪ್ ಆಗುತ್ತದೆ. ಅಲ್ಲಿ ಇಂಗ್ಲಿಷ್‌ನಲ್ಲಿ ಸಿ, ಟಿ, ಎಫ್, ಎಂ, ಒ, ಎನ್, ಆಮೇಲೆ ಒಂದು ಚುಕ್ಕಿ, ಇ, ಎಕ್ಸ್, ಇ ಅಂತ ಬಿಡದೆ ಒಟ್ಟಿಗೆ ಬರೆದು ಎಂಟರ್ ಒತ್ತಿ. ಪರದೆಯಲ್ಲಿ ಏನೂ ಆಗುವುದಿಲ್ಲ. ಗಾಬರಿ ಬೇಡ, ಅದು ಹಾಗೇ. ನೋಟ್‌ಪ್ಯಾಡ್ ತೆಗೆದು ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಜಪಾನೀಸ್‌ಗೆ ಬನ್ನಿ. ನಂತರ ಆಲ್ಟ್ ಹಿಡಿದು, ಒಂದರ ಎಡಗಡೆ ಇರುವ ಕೀ ಒತ್ತಿ. ಮೂಲೆಯಲ್ಲಿದ್ದ ಇಂಗ್ಲಿಷ್ ಎ ಹೋಗಿ ಜಪಾನೀಸ್‌ನ ಉಚ್ಚಾರಣಾ ಲಿಪಿ ಹಿರಾಗಾನಾದ ‘ಅ’ ಬಂದರೆ, ಟೈಪ್ ಮಾಡಿ ನೋಡಿ. ಬಂತಾ? ಹಾಗಾದರೆ ರೋಗ ಯಾವುದು ಅಂತ ಖಚಿತವಾಯಿತು.

ಆದರೆ ಇದು ತಾತ್ಕಾಲಿಕ. ನಾಳೆ ಆನ್ ಮಾಡಿದರೆ ಮತ್ತೆ ಅದೇ ಕಥೆ. ಶಾಶ್ವತವಾಗಿ ಸರಿ ಮಾಡಲು ಮೂರು ಕಡೆ ನೋಡಬೇಕು, ಯಾಕಂದರೆ ಆ ಹುಡುಗ ಎಲ್ಲಿ ಆಫ್ ಮಾಡಿದನೋ ಗೊತ್ತಿಲ್ಲ. ಮೊದಲು, ವಿಂಡೋಸ್ ತಾನಾಗಿ ಓಡಿಸುವ ಕೆಲಸಗಳ ಪಟ್ಟಿಯಾದ ಟಾಸ್ಕ್ ಶೆಡ್ಯೂಲರ್ ತೆರೆಯಿರಿ. ಎಡಗಡೆಯ ಲೈಬ್ರರಿಯಲ್ಲಿ ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್, ಅದರೊಳಗೆ ಟೆಕ್ಸ್ಟ್ ಸರ್ವೀಸಸ್ ಫ್ರೇಮ್‌ವರ್ಕ್ ಅನ್ನುವ ಫೋಲ್ಡರ್ ಇದೆ. ಬಲಗಡೆ ಒಂದೇ ಒಂದು ಕೆಲಸ ಕಾಣುತ್ತದೆ: ಎಂಎಸ್‌ಸಿಟಿಎಫ್‌ಮಾನಿಟರ್. ಅದರ ಮುಂದೆ ಡಿಸೇಬಲ್ಡ್ ಅಂತ ಇದ್ದರೆ ರೈಟ್ ಕ್ಲಿಕ್ ಮಾಡಿ ಎನೇಬಲ್ ಕೊಡಿ. ಬಹಳ ಮಂದಿಗೆ ಇಲ್ಲಿಗೇ ಮುಗಿಯುತ್ತದೆ.

ಎರಡನೆಯದು ಸರ್ವೀಸಸ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳ ಪಟ್ಟಿ. ವಿಂಡೋಸ್ 10 ಇದ್ದರೆ ‘ಟಚ್ ಕೀಬೋರ್ಡ್ ಅಂಡ್ ಹ್ಯಾಂಡ್‌ರೈಟಿಂಗ್ ಪ್ಯಾನೆಲ್ ಸರ್ವೀಸ್’ ಅಂತ ಹುಡುಕಿ. ಹೆಸರು ನೋಡಿ ಮೋಸ ಹೋಗುವುದು ಸಹಜ. ನನ್ನ ಲ್ಯಾಪ್‌ಟಾಪ್‌ಗೆ ಟಚ್ ಸ್ಕ್ರೀನೇ ಇಲ್ಲವಲ್ಲ, ಇದ್ಯಾಕೆ ಅಂತ ಜನ ಆಫ್ ಮಾಡುತ್ತಾರೆ. ಟಚ್ ಇಲ್ಲದಿದ್ದರೂ ಅದು ಬೇಕು. ವಿಂಡೋಸ್ 11ರಲ್ಲಿ ಹೆಸರನ್ನೇ ಬದಲಿಸಿ ‘ಟೆಕ್ಸ್ಟ್ ಇನ್‌ಪುಟ್ ಮ್ಯಾನೇಜ್‌ಮೆಂಟ್ ಸರ್ವೀಸ್’ ಮಾಡಿದ್ದಾರೆ, ಒಳ್ಳೆಯದಾಯಿತು. ಅದು ಡಿಸೇಬಲ್ಡ್ ಇದ್ದರೆ ಡಬಲ್ ಕ್ಲಿಕ್ ಮಾಡಿ ಆಟೊಮ್ಯಾಟಿಕ್ ಮಾಡಿ. ಮೂರನೆಯದು ಎಂಎಸ್‌ಕಾನ್‌ಫಿಗ್ (msconfig), ವಿಂಡೋಸ್ ಹೇಗೆ ಶುರುವಾಗಬೇಕು ಅಂತ ಹೊಂದಿಸುವ ಸಾಧನ. ಅದನ್ನೂ ರನ್ ಪೆಟ್ಟಿಗೆಯಿಂದಲೇ ತೆರೆಯಬಹುದು. ಜನರಲ್ ಅನ್ನುವ ಮೊದಲ ಪುಟದಲ್ಲಿ ಸೆಲೆಕ್ಟಿವ್ ಸ್ಟಾರ್ಟಪ್ ಅಥವಾ ಡಯಾಗ್ನೋಸ್ಟಿಕ್ ಸ್ಟಾರ್ಟಪ್ ಆಯ್ಕೆಯಾಗಿದ್ದರೆ ನಾರ್ಮಲ್‌ಗೆ ತನ್ನಿ. ಬೂಟ್ ಪುಟದಲ್ಲಿ ಸೇಫ್ ಬೂಟ್‌ಗೆ ಟಿಕ್ ಇದ್ದರೆ ತೆಗೆಯಿರಿ.

ಈಗ ರೀಸ್ಟಾರ್ಟ್ ಮಾಡಿ. ಗಮನಿಸಿ, ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ಎರಡೂ ಒಂದೇ ಅಲ್ವಾ ಅನ್ನಬೇಡಿ. ವಿಂಡೋಸ್ 8 ಬಂದಾಗಿನಿಂದ, ಅಂದರೆ 2012ರಿಂದ, ಫಾಸ್ಟ್ ಸ್ಟಾರ್ಟಪ್ ಅನ್ನುವ ಏರ್ಪಾಡು ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ಆದರೆ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ಅದನ್ನು ಡಿಸ್ಕ್‌ನಲ್ಲಿ ಬರೆದಿಟ್ಟುಕೊಂಡು ಮುಂದಿನ ಸಲ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಬೇಗ ಆನ್ ಆಗುತ್ತದೆ ನಿಜ, ಆದರೆ ಹಳೇ ಗೊಂದಲವೂ ಜೊತೆಗೇ ವಾಪಸ್ ಬರುತ್ತದೆ. ನಂಬಿಕೆ ಬರದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಮೇಲೆ ಕ್ಲಿಕ್ ಮಾಡಿ, ಕೆಳಗೆ ಅಪ್ ಟೈಮ್ ನೋಡಿ. ದಿನಾ ರಾತ್ರಿ ಆಫ್ ಮಾಡುವವರ ಲ್ಯಾಪ್‌ಟಾಪ್‌ನಲ್ಲೂ ಅಲ್ಲಿ ವಾರಗಟ್ಟಲೆ ಲೆಕ್ಕ ತೋರಿಸುತ್ತಿರುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಅದು ಸೊನ್ನೆಯಿಂದ ಶುರುವಾಗುತ್ತದೆ. ಶಟ್‌ಡೌನೇ ಮಾಡಬೇಕು, ಆದರೆ ಪೂರ್ತಿ ಆಗಬೇಕು ಅಂತಿದ್ದರೆ ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಒತ್ತಿ. ನೀವು ಮಾಡಿದ ಕೀಬೋರ್ಡ್ ಬದಲಾವಣೆ ಸರಿಯಾಗಿ ತಿಳಿಯದೇ ಹೋದದ್ದಕ್ಕೂ ಇದು ಕಾರಣ ಇರಬಹುದು.

ಇನ್ನು ಪಾಸ್‌ವರ್ಡ್. ನಿಮ್ಮ ಪಾಸ್‌ವರ್ಡ್‌ನಲ್ಲಿ ಅಟ್ ಚಿಹ್ನೆ (@) ಇದೆ ಅಂತ ನನ್ನ ಊಹೆ. ನೋಟ್‌ಪ್ಯಾಡ್‌ನಲ್ಲಿ ಜಪಾನೀಸ್ ಆಯ್ಕೆ ಮಾಡಿಕೊಂಡು ಶಿಫ್ಟ್ ಮತ್ತು ಎರಡು ಒತ್ತಿ. ಅಟ್ ಬದಲು ಜೋಡಿ ಉದ್ಧರಣ ಚಿಹ್ನೆ ಬಂದರೆ ನೀವು ಬದಲಿಸಿದ್ದು ಏನು ಅಂತ ಗೊತ್ತಾಯಿತು. ಜಪಾನಿನಲ್ಲಿ ಮಾರುವ ಕೀಬೋರ್ಡ್‌ನ ವಿನ್ಯಾಸ ಬೇರೆ. ಅಲ್ಲಿ ಅಟ್ ಇರುವುದು ಪಿ ಅಕ್ಷರದ ಬಲಕ್ಕೆ, ನಮ್ಮಲ್ಲಿ ಚೌಕ ಆವರಣ ಇರುವ ಜಾಗದಲ್ಲಿ. ನಿಮ್ಮ ಲ್ಯಾಪ್‌ಟಾಪ್ ಇಲ್ಲಿ ಕೊಂಡದ್ದು, ಕೀಗಳೆಲ್ಲ ಅಮೆರಿಕನ್ ವಿನ್ಯಾಸದವು. ವಿಂಡೋಸ್ ಮಾತ್ರ ಇದು ಜಪಾನೀಸ್ ಕೀಬೋರ್ಡ್ ಅಂದುಕೊಂಡಿದೆ. ಲಾಗಿನ್ ಪರದೆಯಲ್ಲಿ ಇಂಗ್ಲಿಷ್ ಆಯ್ಕೆಯಾಗಿದ್ದ ದಿನ ಪಾಸ್‌ವರ್ಡ್ ಸರಿ, ಜಪಾನೀಸ್ ಆಗಿದ್ದ ದಿನ ತಪ್ಪು. ನಿಮ್ಮ ‘ಒಮ್ಮೊಮ್ಮೆ’ಗೆ ಇಷ್ಟೇ ಕಾರಣ. ಲಾಗಿನ್ ಪರದೆಯ ಕೆಳಗಿನ ಬಲ ಮೂಲೆಯಲ್ಲಿ ಭಾಷೆ ತೋರಿಸುತ್ತದೆ, ಅಲ್ಲೇ ಬದಲಿಸಬಹುದು. ಪಾಸ್‌ವರ್ಡ್ ಪೆಟ್ಟಿಗೆಯ ಪಕ್ಕದಲ್ಲಿರುವ ಕಣ್ಣಿನ ಚಿತ್ರ ಒತ್ತಿದರೆ ಏನು ಮೂಡುತ್ತಿದೆ ಅಂತಲೂ ಕಾಣುತ್ತದೆ. ತುರ್ತಿದ್ದರೆ ಪಿ ಪಕ್ಕದ ಕೀ ಒತ್ತಿ ಒಳಗೆ ಹೋಗಿ.

ಸರಿ ಮಾಡುವ ದಾರಿ ಹೀಗೆ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್, ಅಲ್ಲಿಂದ ಲ್ಯಾಂಗ್ವೇಜ್ ಪುಟಕ್ಕೆ ಹೋಗಿ. ಜಪಾನೀಸ್ ಸಾಲಿನ ಲ್ಯಾಂಗ್ವೇಜ್ ಆಪ್ಷನ್ಸ್ ತೆರೆಯಿರಿ. ಕೀಬೋರ್ಡ್ ಲೇಔಟ್ ಅನ್ನುವಲ್ಲಿ 106/109 ಕೀಗಳ ಜಪಾನೀಸ್ ಕೀಬೋರ್ಡ್ ಅಂತ ಇದ್ದರೆ ಚೇಂಜ್ ಲೇಔಟ್ ಒತ್ತಿ 101/102 ಕೀಗಳ ಇಂಗ್ಲಿಷ್ ಆರಿಸಿ. ಮತ್ತೆ ರೀಸ್ಟಾರ್ಟ್. ಇದರ ಉಲ್ಟಾ ಪ್ರಕರಣವೂ ಬೆಂಗಳೂರಿನಲ್ಲಿ ಸಾಕಷ್ಟು ಸಿಗುತ್ತದೆ. ಜಪಾನಿಗೆ ಟ್ರೇನಿಂಗಿಗೆ ಹೋದವರು ಅಲ್ಲಿಂದಲೇ ಲ್ಯಾಪ್‌ಟಾಪ್ ತರುತ್ತಾರೆ. ಅವರು ಇದೇ ಜಾಗದಲ್ಲಿ 106/109 ಇಟ್ಟುಕೊಳ್ಳಬೇಕು. ಅವರಿಗೆ ಮೋಡ್ ಬದಲಿಸಲು ಹಾಂಕಾಕು-ಝೆಂಕಾಕು ಅನ್ನುವ ಪ್ರತ್ಯೇಕ ಕೀಯೇ ಇದೆ, ಆಲ್ಟ್ ಒತ್ತುವ ಕಷ್ಟವಿಲ್ಲ. ನಿಮಗೂ ಆಲ್ಟ್ ಒಗ್ಗದಿದ್ದರೆ, ಹಿರಾಗಾನಾ ‘ಅ’ ಮೇಲೆ ರೈಟ್ ಕ್ಲಿಕ್ ಮಾಡಿ ಸೆಟ್ಟಿಂಗ್ಸ್‌ಗೆ ಹೋಗಿ. ‘ಕೀ ಅಂಡ್ ಟಚ್ ಕಸ್ಟಮೈಸೇಶನ್’ನಲ್ಲಿ ಕಂಟ್ರೋಲ್-ಸ್ಪೇಸ್‌ಗೆ ಆ ಕೆಲಸ ಕೊಡಬಹುದು. ನನಗೆ ಅದೇ ಅನುಕೂಲ.

ಅದೇ ರೈಟ್ ಕ್ಲಿಕ್ ಪಟ್ಟಿಯಲ್ಲಿ ರೋಮಾಜಿ (ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಒತ್ತುವುದು), ಕಾನಾ (ಒಂದು ಕೀಗೆ ಒಂದು ಜಪಾನೀಸ್ ಅಕ್ಷರ) ಅನ್ನುವ ಆಯ್ಕೆ ಇದೆ. ಗೊತ್ತಿಲ್ಲದೆ ಕಾನಾಗೆ ಹೋಗಿಬಿಟ್ಟರೆ ಎ ಒತ್ತಿದರೆ ಚಿ, ಟಿ ಒತ್ತಿದರೆ ಕ, ಕೆ ಒತ್ತಿದರೆ ನೊ ಬರುತ್ತದೆ. ಲ್ಯಾಪ್‌ಟಾಪ್ ಹಾಳಾಗಿದೆ ಅಂತ ಅಂಗಡಿಗೆ ಹೊತ್ತುಕೊಂಡು ಹೋಗಬೇಡಿ. ರೋಮಾಜಿಗೆ ವಾಪಸ್ ಹಾಕಿ, ಸಾಕು.

ಈಗ ಪಾರ್ಟ್ ನಂಬರ್ ವಿಷಯ. ಹೊಸಬರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ. ಬೆಂಗಳೂರಿನಲ್ಲೂ ನಡೆಯುವ ಜೆಎಲ್‌ಪಿಟಿಯಲ್ಲಿ ಬರೆಯುವುದೇ ಇಲ್ಲ, ಸರಿಯುತ್ತರದ ಗುಂಡು ತುಂಬಿದರೆ ಆಯಿತು. ಹಾಗಾಗಿ ಎನ್3, ಎನ್2 ಪಾಸಾದವರೂ ಕೆಲಸಕ್ಕೆ ಸೇರುವವರೆಗೆ ಜಪಾನೀಸ್ ಟೈಪ್ ಮಾಡಿರುವುದಿಲ್ಲ. ಅವರಿಗೆ ಯಾರೂ ಹೇಳದ ಸಂಗತಿ ಏನೆಂದರೆ, ಜಪಾನೀಸ್ ಕಂಪ್ಯೂಟರ್‌ಗಳಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಿಗೆ ಎರಡು ರೂಪ ಇವೆ. ಒಂದು ನಾವು ಬಳಸುವ ಮಾಮೂಲಿ ಅರ್ಧ ಅಗಲದ್ದು. ಇನ್ನೊಂದು ಕಾಂಜಿಯಷ್ಟೇ ಅಗಲದ್ದು. ಕಣ್ಣಿಗೆ ಎರಡೂ ಹೆಚ್ಚು ಕಡಿಮೆ ಒಂದೇ, ಸ್ವಲ್ಪ ದೂರ ದೂರ ಕಾಣುತ್ತವೆ ಅಷ್ಟೇ. ಕಂಪ್ಯೂಟರ್‌ಗೆ ಮಾತ್ರ ಎರಡೂ ಬೇರೆ ಬೇರೆ ಅಕ್ಷರ. ಹಿರಾಗಾನಾ ಮೋಡ್‌ನಲ್ಲೇ ಅಂಕಿ ಒತ್ತಿದರೆ ಅಗಲದ ಅಂಕಿ ಬಂದುಬಿಡುತ್ತದೆ. ನೀವು ಕಳಿಸಿದ ಪಾರ್ಟ್ ನಂಬರ್ ಅಗಲದ ಅಂಕಿಯಲ್ಲಿದೆ, ಅವರ ಡೇಟಾಬೇಸ್‌ನಲ್ಲಿ ಇರುವುದು ಮಾಮೂಲಿ ಅಂಕಿ. ಹೇಗೆ ಸಿಗಬೇಕು? ಇಮೇಲ್ ವಿಳಾಸದಲ್ಲಿ ಅಗಲದ ಅಟ್ ಬಂದರೂ ಅಷ್ಟೇ, ಮೇಲ್ ಹೋಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಅಗಲದ ಸ್ಪೇಸ್. ಅದು ಕಾಣುವುದೇ ಇಲ್ಲ. ಕೋಡ್ ಬರೆಯುವವರು ಅದರಿಂದ ಅರ್ಧ ದಿನ ಕಳೆದುಕೊಂಡದ್ದನ್ನು ನೋಡಿದ್ದೇನೆ.

ಪರಿಹಾರ ಸುಲಭ. ಅಂಕಿ ಟೈಪ್ ಮಾಡಿ, ಕೆಳಗೆ ಗೆರೆ ಇರುವಾಗಲೇ, ಅಂದರೆ ಎಂಟರ್ ಒತ್ತುವ ಮೊದಲು, ಎಫ್10 ಒತ್ತಿ. ಮಾಮೂಲಿ ಅಗಲಕ್ಕೆ ಬರುತ್ತದೆ. ಎಫ್7 ಒತ್ತಿದರೆ ವಿದೇಶಿ ಪದಗಳಿಗೆ ಬಳಸುವ ಕಾತಾಕಾನಾ ಲಿಪಿ, ಎಫ್6ಗೆ ಹಿರಾಗಾನಾ. ಲ್ಯಾಪ್‌ಟಾಪ್‌ನಲ್ಲಿ ಎಫ್10 ಒತ್ತಿದರೆ ಸೌಂಡೋ ಬೆಳಕೋ ಬದಲಾಗುತ್ತಿದ್ದರೆ ಎಫ್‌ಎನ್ ಕೀ ಜೊತೆ ಒತ್ತಬೇಕು. ಅದು ರಗಳೆ ಅನ್ನಿಸಿದರೆ ಕಂಟ್ರೋಲ್-ಟಿ ಕೂಡ ಅದೇ ಕೆಲಸ ಮಾಡುತ್ತದೆ.

ಮೇಲ್ ಬರೆಯುವವರಿಗೆ ಇನ್ನೊಂದು ಎಚ್ಚರಿಕೆ, ಎನ್ ಅಕ್ಷರದ್ದು. ಕೆ, ಐ, ಎನ್, ಇ, ಎನ್, ಎನ್ ಅಂತ ಒತ್ತಿದರೆ ಕಿನೆನ್, ಅಂದರೆ ಸ್ಮರಣೆ. ಮಧ್ಯದ ಎನ್ ಎರಡು ಸಲ ಒತ್ತಿದರೆ ಕಿನ್‌ಎನ್, ಅಂದರೆ ಧೂಮಪಾನ ನಿಷೇಧ. ಕಂಪನಿಯ ವಾರ್ಷಿಕೋತ್ಸವಕ್ಕೆ ಶುಭ ಕೋರುವಾಗ ಒಂದು ಎನ್ ಜಾಸ್ತಿಯಾಗದಂತೆ ನೋಡಿಕೊಳ್ಳಿ.

ಇಷ್ಟೆಲ್ಲ ಆದ ಮೇಲೂ ಮೂಲ ತೊಂದರೆ ಉಳಿದೇ ಇದೆ: ಲ್ಯಾಪ್‌ಟಾಪ್ ನಿಧಾನ. ಆ ಹುಡುಗನ ಉದ್ದೇಶ ತಪ್ಪಲ್ಲ, ಕೈ ಹಾಕಿದ ಜಾಗ ತಪ್ಪು. ಸ್ಟಾರ್ಟಪ್ ಕಡಿಮೆ ಮಾಡಲು ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟ ಒಂದೇ ಸಾಕು. ಸರ್ವೀಸಸ್, ಶೆಡ್ಯೂಲರ್ ಕಡೆ ಹೋಗುವ ಅಗತ್ಯವಿಲ್ಲ. ಹೋಗಲೇಬೇಕಾದರೆ ಎಂಎಸ್‌ಕಾನ್‌ಫಿಗ್‌ನ ಸರ್ವೀಸಸ್ ಪುಟದಲ್ಲಿ ಮೈಕ್ರೋಸಾಫ್ಟ್ ಸರ್ವೀಸ್‌ಗಳನ್ನು ಮರೆಮಾಡುವ ಟಿಕ್ ಇದೆ. ಅದನ್ನು ಹಾಕಿಕೊಂಡೇ ಮುಂದುವರಿಯಿರಿ. ಚಾಟ್, ಮೀಟಿಂಗ್, ಹಾಡು ಕೇಳುವ ಆ್ಯಪ್‌ಗಳು, ಗೇಮ್ ಅಂಗಡಿಗಳು, ಪ್ರಿಂಟರ್ ಜೊತೆ ಬಂದ ಸಹಾಯಕರು, ಇವನ್ನೆಲ್ಲ ಧೈರ್ಯವಾಗಿ ಆಫ್ ಮಾಡಿ. ಬೇಕಾದಾಗ ತೆರೆದರಾಯಿತು. ಆ್ಯಂಟಿವೈರಸ್ ಬಿಟ್ಟುಬಿಡಿ. ಅಲ್ಲಿ ‘ಹೈ ಇಂಪ್ಯಾಕ್ಟ್’ ಅಂತ ಇರುವುದನ್ನು ನೋಡಿ ಹೆದರಬೇಕಿಲ್ಲ. ಆನ್ ಆಗುವಾಗ ಡಿಸ್ಕ್‌ನಿಂದ 3 ಎಂಬಿಗಿಂತ ಜಾಸ್ತಿ ಓದಿದರೆ ಸಾಕು, ಆ ಪಟ್ಟ ಸಿಗುತ್ತದೆ.

ನುಡಿ ಅಥವಾ ಬರಹ ಹಾಕಿಕೊಂಡಿದ್ದೀರಾ? ನೀವು ಬರೆದಿಲ್ಲ, ಆದರೂ ಕೇಳುತ್ತಿದ್ದೇನೆ. ಇವು ಹಿನ್ನೆಲೆಯಲ್ಲಿ ಕುಳಿತು ನೀವು ಒತ್ತಿದ ಕೀಯನ್ನು ತಾವೇ ಹಿಡಿದು ಕನ್ನಡ ಮಾಡುತ್ತವೆ. ಅದೇ ಹೊತ್ತಿಗೆ ಜಪಾನೀಸ್ ಕೂಡ ಅದೇ ಕೀಗೆ ಕಾಯುತ್ತಿದ್ದರೆ ಜಗಳ ತಪ್ಪಿದ್ದಲ್ಲ. ಸ್ಟಾರ್ಟಪ್‌ನಿಂದ ಅವನ್ನು ತೆಗೆದು, ಕನ್ನಡ ಬರೆಯುವಾಗ ಮಾತ್ರ ತೆರೆಯಿರಿ. ಅಥವಾ ವಿಂಡೋಸ್‌ನದ್ದೇ ಕನ್ನಡ ಕೀಬೋರ್ಡ್ ಹಾಕಿಕೊಂಡರೆ ಮೂರು ಭಾಷೆಯೂ ವಿಂಡೋಸ್-ಸ್ಪೇಸ್‌ನಲ್ಲೇ ಸಿಗುತ್ತವೆ. ನನ್ನ ಓಟು ಇದಕ್ಕೇ.

ಇಷ್ಟಾದರೂ ನಿಧಾನ ಅಂದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಯಾವುದು ಅಂತ ನೋಡಿ. ಎಚ್‌ಡಿಡಿ (ತಿರುಗುವ ಹಳೇ ಥರದ ಡಿಸ್ಕ್) ಅಂತ ಇದ್ದರೆ ಸ್ಟಾರ್ಟಪ್ ಪಟ್ಟಿ ಎಷ್ಟು ಗುಡಿಸಿದರೂ ಪ್ರಯೋಜನ ಕಡಿಮೆ. ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ. ಹಳೇ ಡಿಸ್ಕನ್ನು ಹಾಗೇ ಕ್ಲೋನ್ ಮಾಡಿಕೊಡಿ ಅಂತ ಕೇಳಿ, ಆಗ ನಿಮ್ಮ ಜಪಾನೀಸ್ ಸೆಟ್ಟಿಂಗ್, ಕಲಿತ ಪದಗಳು ಯಾವುದೂ ಹೋಗುವುದಿಲ್ಲ. ವಿಂಡೋಸ್ 10 ಇದ್ದರೆ ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲ್ಯಾಪ್‌ಟಾಪ್ 11ಕ್ಕೆ ಅರ್ಹವಾ ಅಂತಲೂ ಅಂಗಡಿಯಲ್ಲೇ ವಿಚಾರಿಸಿ.

ಸಿಟಿಎಫ್‌ಮಾನ್ ಓಡಿಸಿದ ಮೇಲೂ ಜಪಾನೀಸ್ ಬರದಿದ್ದರೆ ಎರಡು ದಾರಿ ಉಳಿದಿವೆ. ಜಪಾನೀಸ್ ಸೆಟ್ಟಿಂಗ್ಸ್‌ನ ಜನರಲ್ ಪುಟದ ಕೊನೆಯಲ್ಲಿ, ಹಿಂದಿನ ಆವೃತ್ತಿಯ ಮೈಕ್ರೋಸಾಫ್ಟ್ ಐಎಂಇ (ನಾನು ಹೇಳಿದ ಆ ನಿಘಂಟು ಹುಡುಕುವ ಪ್ರೋಗ್ರಾಂ) ಬಳಸುವ ಗುಂಡಿ ಇದೆ. 2020ರಲ್ಲಿ ಬಂದ ಹೊಸದು ಕೆಲವು ಹಳೇ ಆಫೀಸ್ ಪ್ರೋಗ್ರಾಂಗಳ ಜೊತೆ ಹೊಂದುವುದಿಲ್ಲ, ಹಳೆಯದು ಹೊಂದುತ್ತದೆ. ಅದೂ ಆಗದಿದ್ದರೆ ಭಾಷೆಗಳ ಪಟ್ಟಿಯಿಂದ ಜಪಾನೀಸ್ ತೆಗೆದು, ರೀಸ್ಟಾರ್ಟ್ ಮಾಡಿ, ಮತ್ತೆ ಸೇರಿಸಿ. ಅದಕ್ಕೂ ಬಗ್ಗದಿದ್ದರೆ ನನಗೆ ಮತ್ತೆ ಬರೆಯಿರಿ. ಬರೆಯುವಾಗ ಮೂರು ವಿಷಯ ತಿಳಿಸಿ: ವಿಂಡೋಸ್ ಯಾವ ಆವೃತ್ತಿ, ಶಿಫ್ಟ್-ಎರಡು ಒತ್ತಿದರೆ ಏನು ಬರುತ್ತದೆ, ಮತ್ತು ಶೆಡ್ಯೂಲರ್‌ನಲ್ಲಿ ಆ ಎಂಎಸ್‌ಸಿಟಿಎಫ್‌ಮಾನಿಟರ್ ಮುಂದೆ ಏನಂತ ಇದೆ.